ಐದನೇ ತಿಂಗಳ ಸ್ಕ್ಯಾನ್ ಆದ ಮೇಲೆ ನಾನು ಹೇಳಿದ ಅರ್ಧ ಜಪ

ನೀವು ಕೇಳಿದ್ದು ಇಷ್ಟು: ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಮಗುವಿನ ಹೃದಯದಲ್ಲಿ ತೊಂದರೆ ಇದೆ ಅಂದಿದ್ದಾರೆ. ನೀವು ಕಥೋಲಿಕರು, ಆದರೆ ಪ್ರಾರ್ಥನೆಯ ಮಣಿಸರ, ನಮ್ಮ ಜಪಸರ, ಕೈಗೆ ತಗೊಂಡರೆ ಬಾಯಿಂದ ಮಾತೇ ಬರುತ್ತಿಲ್ಲ. ಇಂಥ ಹೊತ್ತಲ್ಲಿ ಪ್ರಾರ್ಥನೆಯಿಂದ ನಿಜವಾಗಲೂ ಧೈರ್ಯ ಸಿಕ್ಕವರು ಇದ್ದೀರಾ?

ಇದ್ದೇನೆ. ನಾನು ಬಳ್ಳಾರಿಯವಳು. ನನ್ನ ಮಗಳಿಗೆ ಈಗ ಆರು ವರ್ಷ.

ಅವತ್ತು ಸ್ಕ್ಯಾನ್ ಮಾಡುವವರು ಹೊಟ್ಟೆ ಮೇಲಿನ ಜೆಲ್ ಒರೆಸಿ, ಟಿಶ್ಯೂ ಬುಟ್ಟಿಗೆ ಹಾಕಿ, ಮತ್ತೆ ಜೆಲ್ ಹಚ್ಚಿದರು. ಆ ಎರಡನೇ ಸಲದ ತಣ್ಣನೆಯ ಜೆಲ್ ನನಗೆ ಇವತ್ತಿಗೂ ನೆನಪಿದೆ. ಅವರು ಬಾಯಿ ಬಿಡುವ ಮೊದಲೇ ಏನೋ ಸರಿಯಿಲ್ಲ ಅಂತ ಗೊತ್ತಾಗಿತ್ತು. ಫೀಟಲ್ ಎಕೋ, ಅಂದರೆ ಹೊಟ್ಟೆಯಲ್ಲಿರುವ ಮಗುವಿನ ಹೃದಯದ ಸ್ಕ್ಯಾನ್, ಆದ ಮೇಲೆ ಕಾಯಿಲೆಯ ಹೆಸರು ಹೇಳಿದರು, ಟೆಟ್ರಾಲಜಿ ಆಫ್ ಫ್ಯಾಲೋ. ಹೃದಯದಲ್ಲಿ ನಾಲ್ಕು ದೋಷ ಒಟ್ಟಿಗೆ ಬರುವ ಕಾಯಿಲೆ. ಕೆಳಗಿನ ಎರಡು ಕೋಣೆಗಳ ನಡುವೆ ತೂತು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು. ಹುಟ್ಟಿದ ಮೇಲೆ ಆಪರೇಷನ್ ಮಾಡಬಹುದು ಅಂದರು. ಆ ಮಾತು ನನ್ನ ಕಿವಿಗೆ ಬಿದ್ದಿದ್ದು ಎರಡು ವಾರ ಆದ ಮೇಲೆ.

ಆ ಎರಡು ವಾರ ನಾನು ಪ್ರಾರ್ಥನೆ ಮಾಡಲಿಲ್ಲ. ಮಾಡೋಕೆ ಆಗಲಿಲ್ಲ. ಮರಿಯ ಮಾತೆಯ ಪಟದ ಮುಂದೆ ಕೂತರೆ ಸಿಟ್ಟು ಬರುತ್ತಿತ್ತು. ಪಕ್ಕದ ಮನೆ ಅಜ್ಜಿ ಹುಲಿಗೆಮ್ಮನಿಗೆ ಹರಕೆ ಹೊತ್ತಳು. ಅವಳಿಗೆ ಇದ್ದ ನಂಬಿಕೆ ನನಗೆ ಇಲ್ಲವಲ್ಲ ಅಂತ ಇನ್ನೂ ಸಂಕಟ.

ನಮ್ಮ ಅತ್ತೆ ಓದಿದವರಲ್ಲ. ಅವರೇ ಒಂದು ರಾತ್ರಿ ನನ್ನ ಪಕ್ಕ ಚಾಪೆ ಹಾಕಿಕೊಂಡು ಕೂತರು. "ನೀನು ಪೂರ್ತಿ ಹೇಳಬೇಡ. ಮೊದಲಿನ ಅರ್ಧ ನಾನು ಹೇಳ್ತೀನಿ. ನೀನು ಬರೀ ಉತ್ತರ ಕೊಡು" ಅಂದರು. ನಿಮಗೆ ಗೊತ್ತೇ ಇದೆ, ಮನೆಯಲ್ಲಿ ಜಪಸರ ಹೇಳುವುದೇ ಹಾಗೆ. ಒಬ್ಬರು ನಮೋ ಮರಿಯ ಅನ್ನುವ ಪ್ರಾರ್ಥನೆ ಶುರು ಮಾಡುತ್ತಾರೆ, ಉಳಿದವರು ಸಂತ ಮರಿಯಮ್ಮನವರೇ ಅಂತ ಮುಗಿಸುತ್ತಾರೆ. ಚಿಕ್ಕಂದಿನಿಂದ ಹೇಳಿದ್ದೇ. ಆದರೆ ಅವತ್ತು ಆ ಅರ್ಧದಲ್ಲಿ ಇರುವ "ಈಗಲೂ" ಅನ್ನುವ ಮಾತು ಮೊದಲ ಸಲ ಕೇಳಿಸಿತು. ನಮಗಾಗಿ ಈಗಲೂ, ನಮ್ಮ ಸಾವಿನ ಹೊತ್ತಲ್ಲೂ ಬೇಡಿಕೋ ಅನ್ನುತ್ತೇವೆ, ಅಲ್ವಾ? ಹೆರಿಗೆ, ಆಪರೇಷನ್, ದುಡ್ಡು ಎಲ್ಲ ಮುಂದಿನ ಮಾತು. ಈಗ ಮಗು ಹೊಟ್ಟೆಯಲ್ಲಿದೆ, ಅದರ ಎದೆ ಬಡಿಯುತ್ತಿದೆ. ನನಗೆ ಸಿಕ್ಕ ಮೊದಲ ಧೈರ್ಯ ಅಷ್ಟೇ. ಅವತ್ತು ರಾತ್ರಿ ನಿದ್ದೆ ಬಂತು.

ಕೆಲವು ರಾತ್ರಿ ಉತ್ತರ ಕೊಡೋಕೂ ಆಗುತ್ತಿರಲಿಲ್ಲ. ಆಗ ನನ್ನ ಗಂಡ ಕೊಡುತ್ತಿದ್ದರು, ನಾನು ಮಣಿ ಮಾತ್ರ ಸರಿಸುತ್ತಿದ್ದೆ. ಅವರು ಜೀನ್ಸ್ ಹೊಲಿಯುವ ಘಟಕದಲ್ಲಿ ಟೈಲರ್. ಅದಕ್ಕೇ ಇರಬೇಕು, ನಮ್ಮ ಚರ್ಚಿನ ಸಿಸ್ಟರ್ ಒಬ್ಬರು ಸಂತ ಜೆರಾರ್ಡ್ ಮಜೆಲ್ಲಾ ಅವರ ಪುಟ್ಟ ಚಿತ್ರ ತಂದುಕೊಟ್ಟರು. ಇಟಲಿಯವರು, 1726ರಲ್ಲಿ ಹುಟ್ಟಿದವರು. ಟೈಲರನ ಮಗ, ತಾವೂ ಹೊಲಿಗೆ ಕಲಿತವರು. ಬದುಕಿದ್ದು ಇಪ್ಪತ್ತೊಂಬತ್ತೇ ವರ್ಷ. ಒಂದು ಮನೆಯಲ್ಲಿ ಕರವಸ್ತ್ರ ಬಿಟ್ಟು ಬಂದರಂತೆ. ಆ ಮನೆಯ ಹುಡುಗಿ ಹಿಂದೆ ಓಡಿ ಬಂದು ಕೊಟ್ಟರೆ, "ಇಟ್ಟುಕೋ, ಮುಂದೆ ಬೇಕಾಗುತ್ತೆ" ಅಂದರಂತೆ. ಎಷ್ಟೋ ವರ್ಷ ಆದ ಮೇಲೆ ಅವಳ ಹೆರಿಗೆ ಕಷ್ಟವಾದಾಗ ಅದನ್ನೇ ತರಿಸಿಕೊಂಡಳು, ತಾಯಿ ಮಗು ಉಳಿದರು ಅಂತ ಕಥೆ. ಬಸುರಿಯರು ಅವರನ್ನು ನೆನೆಯುವುದು ಅದಕ್ಕೇ. ಹಬ್ಬ ಅಕ್ಟೋಬರ್ 16ಕ್ಕೆ. ನನ್ನ ಗಂಡ ಮೆಷಿನ್ ಮೇಲೆ ಆ ಚಿತ್ರ ಅಂಟಿಸಿಕೊಂಡರು. ಇವತ್ತಿಗೂ ಅಲ್ಲೇ ಇದೆ, ಅಂಚೆಲ್ಲ ಡೆನಿಮ್ ಧೂಳಿಗೆ ನೀಲಿಯಾಗಿದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಪ್ರಾರ್ಥನೆ ಮಾಡುತ್ತಿದ್ದೇವೆ ಅಂತ ಒಂದು ಚೆಕಪ್ ಕೂಡ ತಪ್ಪಿಸಬೇಡಿ. ಮಕ್ಕಳ ಹೃದಯದ ಡಾಕ್ಟರ್ ಇರುವ ಕಡೆಯೇ ಹೆರಿಗೆ ಆಗುವ ಹಾಗೆ ಈಗಲೇ ಮಾತಾಡಿ. ಮಕ್ಕಳ ಆರೋಗ್ಯಕ್ಕಾಗಿ ಸರ್ಕಾರ ನಡೆಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಬರುವ ಹೃದಯದ ದೋಷಗಳೂ ಸೇರಿವೆ, ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ನಾವು ಪ್ರತಿ ಸಲ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದೆವು. ಗುಂತಕಲ್ ದಾಟುವ ಹೊತ್ತಿಗೆ ನಮ್ಮ ಐದು ರಹಸ್ಯ, ಅಂದರೆ ಜಪಸರ ಹೇಳುತ್ತಾ ನೆನೆಯುವ ಯೇಸು-ಮರಿಯಮ್ಮನ ಬದುಕಿನ ಘಟನೆಗಳು, ಮುಗಿದಿರುತ್ತಿತ್ತು. ಸಂತೋಷದ ರಹಸ್ಯಗಳಲ್ಲಿ ಎರಡನೆಯದು ನನಗೆ ತುಂಬ ಹತ್ತಿರ. ಬಸುರಿ ಮರಿಯಮ್ಮ ಬೆಟ್ಟದ ಸೀಮೆಗೆ ನಡೆದು, ಇನ್ನೊಬ್ಬ ಬಸುರಿ ಎಲಿಜಬೆತಳ ಮನೆಗೆ ಹೋಗಿ, ಸುಮಾರು ಮೂರು ತಿಂಗಳು ಅವಳ ಜೊತೆ ಇದ್ದಳು. ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಇದೆ. ದೇವರ ತಾಯಿಗೂ ಜೊತೆಗೊಬ್ಬ ಹೆಂಗಸು ಬೇಕಾಗಿತ್ತು ಅಂತ ನನಗೆ ಅನ್ನಿಸುತ್ತಿತ್ತು.

ಹೆರಿಗೆಗೆ ಹೋಗುವಾಗ ಅತ್ತೆ ಬ್ಯಾಗಿನಲ್ಲಿ ಒಂದು ಸಣ್ಣ ಬಾಟಲಿ ನೀರು ಇಟ್ಟರು. ಯಾಕೆ ಅಂತ ನನಗೆ ಗೊತ್ತಿತ್ತು. ಮಗುವಿನ ಜೀವಕ್ಕೆ ಅಪಾಯ ಇದ್ದರೆ ಚರ್ಚಿನ ಗುರುಗಳೇ ಬರಬೇಕು ಅಂತಿಲ್ಲ, ಯಾರು ಬೇಕಾದರೂ ತಲೆಗೆ ನೀರು ಸುರಿದು ಜ್ಞಾನಸ್ನಾನ ಕೊಡಬಹುದು. ಆ ಬಾಟಲಿ ಕಂಡರೆ ಹೊಟ್ಟೆ ಹಿಂಡುತ್ತಿತ್ತು. ಆದರೂ ತೆಗೆಯಿರಿ ಅನ್ನಲಿಲ್ಲ. ಏನೇ ಆದರೂ ನನ್ನ ಮಗುವನ್ನು ಬರಿಗೈಯಲ್ಲಿ ಕಳಿಸುವುದಿಲ್ಲ ಅನ್ನುವ ಸಮಾಧಾನ ಅದರಲ್ಲೇ ಇತ್ತು.

ಅದನ್ನು ಬಳಸುವ ಹಾಗೆ ಆಗಲಿಲ್ಲ. ಹನ್ನೊಂದನೇ ತಿಂಗಳಲ್ಲಿ ಆಪರೇಷನ್ ಆಯಿತು. ಅದೇ ವಾರ್ಡಿನಲ್ಲಿ ನನ್ನಷ್ಟೇ ಬೇಡಿಕೊಂಡ ಒಬ್ಬ ತಾಯಿ ಬರಿ ಮಡಿಲಲ್ಲಿ ಮನೆಗೆ ಹೋದಳು. ಅವಳ ಪ್ರಾರ್ಥನೆ ಕಮ್ಮಿ ಇತ್ತು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಅದಕ್ಕೇ ನಿಮಗೂ ಎಲ್ಲ ಸರಿಹೋಗುತ್ತೆ ಅಂತ ನಾನು ಮಾತು ಕೊಡಲಾರೆ. ನಿಮ್ಮ ಗುರುಗಳ ಹತ್ತಿರ ಹೋಗಿ, ಹೆರಿಗೆಗೆ ಮುಂಚೆ ತಾಯಿಗೆ ಕೊಡುವ ಆಶೀರ್ವಾದ ಚರ್ಚಿನಲ್ಲಿದೆ, ಕೇಳಿ. ಅಳು ಬಂದರೆ ಅಲ್ಲೇ ಅತ್ತುಬಿಡಿ.

ನಮ್ಮ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಜಪಸರ. ಇವತ್ತಿನಿಂದ ನಿಮ್ಮ ಮಗುವಿಗಾಗಿ ಹೇಳುತ್ತೇವೆ. ಮೊದಲಿನ ಅರ್ಧ ನನ್ನ ಮಗಳು ಹೇಳುತ್ತಾಳೆ. ಆಗುವುದಾದರೆ ನೀವಿದ್ದಲ್ಲಿಂದಲೇ ಉತ್ತರ ಕೊಡಿ, ಆಗದಿದ್ದರೆ ಸುಮ್ನೆ ಮಣಿ ಹಿಡಿದು ಕೂತಿರಿ.