ಬೋರ್‌ವೆಲ್ ನೀರು, ಮಗಳ ಹಲ್ಲು ಮತ್ತು ಊಟದ ಮೇಲಿನ ಚಹಾ

ಪ್ರಶ್ನೆ: ನಮ್ಮದು ಗದಗ ಜಿಲ್ಲೆ ಮುಂಡರಗಿ ತಾಲ್ಲೂಕಿನ ಹಳ್ಳಿ. ಒಂಬತ್ತು ವರ್ಷದ ಮಗಳ ಮುಂದಿನ ಹಲ್ಲುಗಳ ಮೇಲೆ ಕಂದು ಕಲೆಗಳಿವೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಬೋರ್‌ವೆಲ್ ನೀರನ್ನು ಕುದಿಸಿ, ಸೋಸಿಯೇ ಕುಡಿಯುತ್ತೇವೆ. ಕ್ಯಾಲ್ಸಿಯಂ ಮಾತ್ರೆ ಕೊಟ್ಟರೆ ಕಲೆ ಹೋದೀತೇ? ಎರಡು ವರ್ಷದ ಮಗನೂ ಇದ್ದಾನೆ. ಅತ್ತೆಯವರಿಗೆ ಸೊಂಟ ಹಿಡಿದುಕೊಂಡಿದೆ, ಅದಕ್ಕೂ ನೀರೇ ಕಾರಣವೇ?

ಉತ್ತರ: ತಂಗೀ, ಮೊದಲು ಒಂದು ಮಾತು. ಸರಿಯಾಗಿ ಹಲ್ಲುಜ್ಜುವುದಿಲ್ಲ ಎಂದು ಮಗಳನ್ನು ಯಾರೂ ಗದರದಂತೆ ನೋಡಿಕೊಳ್ಳಿ. ಇದು ಕೊಳೆಯಲ್ಲ. ಹಲ್ಲಿನ ವೈದ್ಯರಿಗೆ ಒಮ್ಮೆ ತೋರಿಸಿ. ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ಬಗೆಯ ಅಡ್ಡಗೆರೆ, ಸುಣ್ಣದಂಥ ಬಿಳಿ ಮಚ್ಚೆ, ಅದರ ಮೇಲೆ ಕಂದು ಬಣ್ಣ ಕಂಡರೆ ಬಹುಮಟ್ಟಿಗೆ ಅದು ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಎಂಬ ಲವಣಾಂಶ ಮೈಗೆ ಹೆಚ್ಚಾಗಿ ಸೇರಿ ಬರುವ ರೋಗ.

ಮುಂಡರಗಿ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಮಸ್ಯೆ. ನೆಲದಡಿಯ ಕಲ್ಲಿನಿಂದ ಅದು ನಿಧಾನವಾಗಿ ನೀರಿಗೆ ಇಳಿಯುತ್ತದೆ. ಅಲ್ಪ ಪ್ರಮಾಣದ ಫ್ಲೋರೈಡ್ ಹಲ್ಲಿಗೆ ಹುಳುಕು ಹತ್ತದಂತೆ ಕಾಯುತ್ತದೆ. ಅಳತೆ ಮೀರಿದರೆ ಅದೇ ಹಲ್ಲನ್ನು, ಆಮೇಲೆ ಮೂಳೆಯನ್ನು ಕೆಡಿಸುತ್ತದೆ. ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದ ಕಡೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಇದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪದರವನ್ನೇ ಫ್ಲೋರೈಡ್ ಎಂದುಕೊಳ್ಳುವವರಿದ್ದಾರೆ. ಅದು ಗಡಸು ನೀರಿನ ಸುಣ್ಣದಂಶ, ಬೇರೆಯದೇ ವಿಷಯ.

ನೀವು ಕುದಿಸುತ್ತಿರುವುದು ರೋಗಾಣುಗಳ ಮಟ್ಟಿಗೆ ಒಳ್ಳೆಯದೇ. ಫ್ಲೋರೈಡ್ ಮಾತ್ರ ಆವಿಯಾಗುವುದಿಲ್ಲ. ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಿನಲ್ಲಿ ಅದು ಇನ್ನಷ್ಟು ದಟ್ಟವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು, ಕ್ಯಾಂಡಲ್ ಫಿಲ್ಟರಿನಲ್ಲಿಯೂ ನಿಲ್ಲದು. ಆರ್‌ಒ ಘಟಕದ ನೀರಾದರೆ ಸರಿ. ಆದರೆ ಅಲ್ಲಿಯೂ ಒಂದು ತಪ್ಪನ್ನು ಮನೆಮನೆಯಲ್ಲಿ ಕಾಣುತ್ತೇನೆ. ಘಟಕದಿಂದ ತಂದ ಕ್ಯಾನಿನ ನೀರು ಕುಡಿಯಲು, ಬೋರಿನ ನೀರು ಅಡುಗೆಗೆ! ಅನ್ನ, ಬೇಳೆ, ನುಚ್ಚು ಬೇಯುವಾಗ ಆ ನೀರನ್ನೇ ಹೀರಿಕೊಳ್ಳುತ್ತವೆ. ರೊಟ್ಟಿ ಹಿಟ್ಟಿಗೆ ಹಾಕುವ ಎಸರೂ ಅದೇ, ಚಹಾದ ನೀರೂ ಅದೇ. ಚಹಾ ಸೊಪ್ಪಿನಲ್ಲಿಯೇ ಫ್ಲೋರೈಡ್ ಇರುತ್ತದೆ, ಅದು ಬೇರೆ. ಹಾಗಾಗಿ ಒಳ್ಳೆಯ ನೀರು ಒಲೆಯ ಮೇಲಿನ ಪಾತ್ರೆಗೂ ಬೀಳಲಿ. ನಳದಲ್ಲಿ ನದಿಯ ನೀರು ಬರುತ್ತಿದ್ದರೆ, ಅಥವಾ ಸ್ವಚ್ಛವಾಗಿ ಹಿಡಿದ ಮಳೆನೀರು ಇದ್ದರೆ, ಅದನ್ನು ಕುದಿಸಿ ಬಳಸಬಹುದು. ಸ್ನಾನಕ್ಕೆ, ಬಟ್ಟೆ ಒಗೆಯಲು ಬೋರಿನ ನೀರು ಸಾಕು. ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಫ್ಲೋರೈಡ್ ಇನ್ನೂ ಹೆಚ್ಚಿರುತ್ತದೆ, ಅದನ್ನು ದನಗಳಿಗೆ ಕುಡಿಸಬೇಡಿ. ಅವುಗಳ ಹಲ್ಲು, ಮೂಳೆಗಳಿಗೂ ಇದೇ ರೋಗ ಬರುತ್ತದೆ.

ಮಗಳ ಹಲ್ಲಿನ ಕಲೆ ಮಾತ್ರೆಯಿಂದ ಹೋಗದು. ಹಲ್ಲಿನ ಹೊರಕವಚ ವಸಡಿನೊಳಗೆ ರೂಪುಗೊಳ್ಳುವಾಗಲೇ ಆದ ಹಾನಿ ಅದು. ಕಲೆ ತೆಳುವಾಗಿಸುವ, ಮೇಲೆ ಹಲ್ಲಿನ ಬಣ್ಣದ ಲೇಪ ಕೊಡುವ ಚಿಕಿತ್ಸೆಗಳಿವೆ. ಬಾಯಿಗೆ ಕೈ ಅಡ್ಡ ಹಿಡಿಯುವ ಹುಡುಗಿಗೆ ಅದು ಸಣ್ಣ ಉಪಕಾರವಲ್ಲ, ಖಂಡಿತ ವಿಚಾರಿಸಿ. ಮಗನ ವಿಷಯದಲ್ಲಿ ನಿಮಗೆ ಇನ್ನೂ ಸಮಯವಿದೆ. ಶಾಶ್ವತ ಹಲ್ಲುಗಳ ಕವಚ ಸುಮಾರು ಎಂಟು ವರ್ಷದವರೆಗೂ ಕಟ್ಟುತ್ತಿರುತ್ತದೆ. ಇವತ್ತೇ ಅವನ ನೀರು ಬದಲಿಸಿ. ಹಾಲು, ಮೊಸರು, ರಾಗಿ ಕೊಡಿ. ಕ್ಯಾಲ್ಸಿಯಂ ಕರುಳಿನಲ್ಲಿ ಫ್ಲೋರೈಡನ್ನು ಹಿಡಿದು ಅದು ರಕ್ತ ಸೇರುವುದನ್ನು ಕಡಿಮೆ ಮಾಡುತ್ತದೆ. ಟೂತ್‌ಪೇಸ್ಟ್ ಅಕ್ಕಿಕಾಳಿನಷ್ಟು ಸಾಕು, ನುಂಗದಂತೆ ನೋಡಿಕೊಳ್ಳಿ.

ಅತ್ತೆಯವರಿಗೆ ನೆಲದ ಮೇಲಿನ ನಾಣ್ಯವನ್ನು ಬಾಗಿ ಎತ್ತಿಕೊಳ್ಳಲು ಹೇಳಿ. ಗದ್ದವನ್ನು ಎದೆಗೆ ತಾಗಿಸಲಿ, ಎರಡೂ ಕೈಗಳನ್ನು ತಲೆಯ ಹಿಂದೆ ಒಯ್ಯಲಿ. ಇವು ಆಗದಿದ್ದರೆ ಮೂಳೆಯ ಫ್ಲೋರೋಸಿಸ್ ಇರಬಹುದು. ವಯಸ್ಸಿನ ಸಂಧಿವಾತದಲ್ಲಿಯೂ ಹೀಗಾಗುವುದರಿಂದ ಎಕ್ಸ್‌ರೇ ನೋಡದೆ ನಿರ್ಧರಿಸಲಾಗದು. ನೀರಿನ ಪರೀಕ್ಷೆಗೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿ.

ಪ್ರಶ್ನೆ: ನಾನು ಧಾರವಾಡದ ಶಿಕ್ಷಕಿ, ವಯಸ್ಸು 34. ಹಿಮೋಗ್ಲೋಬಿನ್ 9.2 ಇತ್ತು. ಎರಡು ತಿಂಗಳಿಂದ ಕಬ್ಬಿಣದ ಮಾತ್ರೆ ನುಂಗುತ್ತಿದ್ದೇನೆ, ಈಗ 9.4. ಬೆಳಗಿನ ತಿಂಡಿಯಾದ ಮೇಲೆ ಚಹಾದೊಂದಿಗೆ ಕಬ್ಬಿಣ, ಕ್ಯಾಲ್ಸಿಯಂ ಎರಡೂ ಮಾತ್ರೆ ತೆಗೆದುಕೊಳ್ಳುತ್ತೇನೆ. ದಿನವೂ ಜೋಳದ ರೊಟ್ಟಿ, ಸೊಪ್ಪು ತಿನ್ನುತ್ತೇನೆ. ಆದರೂ ಹಿಮೋಗ್ಲೋಬಿನ್ ಏಕೆ ಏರುತ್ತಿಲ್ಲ?

ಉತ್ತರ: ಉತ್ತರ ನಿಮ್ಮ ಪತ್ರದಲ್ಲಿಯೇ ಇದೆ. ಚಹಾದ ಒಗರು ಕಬ್ಬಿಣವನ್ನು ಕಟ್ಟಿಹಾಕುತ್ತದೆ, ಕ್ಯಾಲ್ಸಿಯಂ ಅದರ ದಾರಿಗೆ ಅಡ್ಡ ನಿಲ್ಲುತ್ತದೆ. ಕಬ್ಬಿಣದ ಮಾತ್ರೆಯನ್ನು ಲಿಂಬೆ ಪಾನಕದೊಂದಿಗೆ, ಚಹಾದಿಂದ ಎರಡು ಗಂಟೆ ದೂರವಿಟ್ಟು ತೆಗೆದುಕೊಳ್ಳಿ. ಕ್ಯಾಲ್ಸಿಯಂ ರಾತ್ರಿಗಿರಲಿ. ಮಲ ಕಪ್ಪಾದರೆ ಹೆದರಬೇಡಿ.

ಜೋಳದಲ್ಲಿ ನೂರು ಗ್ರಾಮಿಗೆ ಸುಮಾರು 4 ಮಿಲಿಗ್ರಾಂ ಕಬ್ಬಿಣವಿದೆ, ಸಜ್ಜೆಯಲ್ಲಿ ಇನ್ನೂ ಹೆಚ್ಚು. ಧಾನ್ಯದಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣವನ್ನೂ ಸತುವನ್ನೂ ಬಿಗಿಯಾಗಿ ಹಿಡಿದಿರುವುದರಿಂದ ದೇಹಕ್ಕೆ ದಕ್ಕುವುದು ಅದರ ಸ್ವಲ್ಪ ಪಾಲು ಮಾತ್ರ. ನಮ್ಮ ಕಡೆಯ ಊಟದಲ್ಲಿ ರೊಟ್ಟಿಯ ಪಕ್ಕಕ್ಕೆ ಹಸಿ ಮೆಂತ್ಯ ಸೊಪ್ಪಿನ ಪಚಡಿ, ಮೊಳಕೆ ಬಂದ ಮಡಿಕೆ ಕಾಳು, ಮೇಲೆ ಹಿಂಡಿದ ಲಿಂಬೆ ಇರುತ್ತಿತ್ತು. ಮೊಳಕೆ ಬಂದ ಕಾಳಿನಲ್ಲಿ ಫೈಟೇಟ್ ಇಳಿಯುತ್ತದೆ, ಲಿಂಬೆಯ ಸಿ ಜೀವಸತ್ವ ಕಬ್ಬಿಣವನ್ನು ಬಿಡಿಸಿಕೊಡುತ್ತದೆ. ಅದನ್ನು ತಟ್ಟೆಗೆ ಮರಳಿ ತನ್ನಿ.

ಹೀಗೆ ಒಂದು ತಿಂಗಳು ಮಾಡಿದರೂ 1 ಗ್ರಾಂ ಏರದಿದ್ದರೆ ವೈದ್ಯರ ಬಳಿ ಹೋಗಿ. ಮುಟ್ಟಿನ ಸ್ರಾವ ಹೆಚ್ಚಿದೆಯೇ ಎಂಬುದನ್ನು ಅವರು ಕೇಳದಿದ್ದರೂ ನೀವೇ ಹೇಳಿ, ಸಂಕೋಚ ಬೇಡ.

ಪ್ರಶ್ನೆ: ಪತ್ನಿಗೆ ಮೂರು ತಿಂಗಳು. ಸೈಂಧವ ಲವಣದಲ್ಲಿ ಖನಿಜ ಹೆಚ್ಚು ಎಂದು ಮನೆಗೆ ಅದನ್ನೇ ತರುತ್ತಿದ್ದೇನೆ. ಸರಿಯೇ? (ಹಾವೇರಿಯಿಂದ)

ಉತ್ತರ: ಸರಿಯಲ್ಲ. ಅದರ ಖನಿಜಗಳು ನಾವು ತಿನ್ನುವ ಪ್ರಮಾಣದಲ್ಲಿ ಲೆಕ್ಕಕ್ಕೆ ಬಾರವು, ಅಯೋಡಿನ್ ಮಾತ್ರ ಕೈತಪ್ಪುತ್ತದೆ. ಹೊಟ್ಟೆಯಲ್ಲಿರುವ ಕೂಸಿನ ಮಿದುಳು ಬೆಳೆಯಲು ಬೇಕಾದ ಥೈರಾಯ್ಡ್ ಹಾರ್ಮೋನು ಅಯೋಡಿನ್ ಇಲ್ಲದೆ ತಯಾರಾಗದು. ಗರ್ಭಿಣಿಗೆ ದಿನಕ್ಕೆ 250 ಮೈಕ್ರೋಗ್ರಾಂ ಬೇಕು. ಇವತ್ತೇ ಅಯೋಡಿನ್‌ಯುಕ್ತ ಉಪ್ಪು ತಂದು ಮುಚ್ಚಳವಿರುವ ಡಬ್ಬಿಯಲ್ಲಿ, ಒಲೆಯಿಂದ ದೂರವಿಡಿ. ಸಾರಿಗೆ ಉಪ್ಪನ್ನು ಇಳಿಸುವ ಹೊತ್ತಿಗೆ ಹಾಕಿದರೆ ಸಾಕು.