ಟ್ರಾವೆಲ್ ಅಲೊವೆನ್ಸ್ ಅಂತ ಹೆಸರಿಟ್ರೆ ಟ್ಯಾಕ್ಸ್ ಹೋಗುತ್ತಾ?

ಪ್ರಶ್ನೆ: ಸರ್ ನಮಸ್ತೆ, ನಾನು ಬಿಪಿಟಿ (ಫಿಸಿಯೋಥೆರಪಿ ಡಿಗ್ರಿ) ಮಾಡಿದೀನಿ, ಇರೋದು ದಾವಣಗೆರೆ ವಿದ್ಯಾನಗರ. ವಾರಕ್ಕೆ ಮೂರು ದಿನ ಚಿತ್ರದುರ್ಗದ ಒಂದು ಆಸ್ಪತ್ರೆಗೆ ಕನ್ಸಲ್ಟೆಂಟ್ ಆಗಿ ಹೋಗ್ತೀನಿ, ತಿಂಗಳಿಗೆ 25,000, ಅದ್ರಲ್ಲಿ ಟಿಡಿಎಸ್ (ದುಡ್ಡು ಕೊಡೋವಾಗ್ಲೇ ಹಿಡಿಯೋ ಟ್ಯಾಕ್ಸ್) ಅಂತ 2,500 ಹಿಡ್ಕೊಂಡು ಹಾಕ್ತಾರೆ. ಉಳಿದ ಟೈಮಲ್ಲಿ ಸ್ಕೂಟಿ ಮೇಲೆ ಹೋಮ್ ವಿಸಿಟ್, ಅದು ಸುಮಾರು 40,000 ಆಗುತ್ತೆ, ದುಡ್ಡು ಯಜಮಾನ್ರ ಫೋನ್‌ಪೇಗೆ ಬರುತ್ತೆ. ಈಗ ಒಂದು ಹೋಮ್ ಕೇರ್ ಕಂಪನಿಯೋರು ಎಲ್ಲಾ ಬಿಟ್ಟು ನಮ್ಮಲ್ಲಿಗೆ ಬನ್ನಿ, ತಿಂಗಳಿಗೆ 50,000 ಕೊಡ್ತೀವಿ, 20,000 ಸಂಬಳ, 30,000 ಟ್ರಾವೆಲ್ ಅಲೊವೆನ್ಸ್, ಅದಕ್ಕೆ ಟ್ಯಾಕ್ಸೇ ಇಲ್ಲ ಅಂತಿದಾರೆ. ಅಮೆರಿಕದಲ್ಲಿ ಟ್ರಾವೆಲ್ ಪಿಟಿ (ಊರೂರಿಗೆ ಹೋಗಿ ಕೆಲಸ ಮಾಡೋ ಫಿಸಿಯೋ) ಆಗಿರೋ ನಮ್ಮ ಕಸಿನ್ನೂ ಅವಳ ಪೇಮೆಂಟಲ್ಲಿ ಅರ್ಧ ಟ್ಯಾಕ್ಸ್ ಫ್ರೀ ಅಂತಾಳೆ. ಒಪ್ಕೊಳ್ಲಾ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಈ ಲೆಕ್ಕಕ್ಕೆ ಒಪ್ಕೋಬೇಡಿ ಮೇಡಂ.

ಮೊದ್ಲು ನಿಮ್ಮ ಕಸಿನ್ ಮಾತು. ಅಲ್ಲಿ ಟ್ರಾವೆಲ್ ಪಿಟಿಗಳಿಗೆ ಸಾಮಾನ್ಯವಾಗಿ 13 ವಾರದ ಕಾಂಟ್ರ್ಯಾಕ್ಟ್, ಗಂಟೆ ಲೆಕ್ಕದ ಸಂಬಳದ ಜೊತೆ ಮನೆ ಬಾಡಿಗೆಗೆ ಊಟಕ್ಕೆ ಅಂತ ಬೇರೆ ದುಡ್ಡು ಕೊಡ್ತಾರೆ, ಅದಕ್ಕೆ ಟ್ಯಾಕ್ಸ್ ಇಲ್ಲ ನಿಜ, ಆದ್ರೆ ಅವಳಿಗೆ ಬೇರೆ ಊರಲ್ಲಿ ಟ್ಯಾಕ್ಸ್ ಹೋಮ್ ಅಂತ ಒಂದು ಖಾಯಂ ನೆಲೆ ಇರಬೇಕು, ಅಲ್ಲಿನ ಖರ್ಚು ಕಟ್ಕೊಂಡೇ ಕೆಲಸಕ್ಕೆ ಹೋದ ಊರಲ್ಲೂ ಖರ್ಚು ಮಾಡ್ತಿರಬೇಕು. ಇದ್ದ ಮನೆ ಖಾಲಿ ಮಾಡಿ ಊರಿಂದ ಊರಿಗೆ ಹೋಗ್ತಾ ಇದ್ರೆ, ಇಲ್ಲಾ ಒಂದೇ ಜಾಗದಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಕೆಲಸ ಅಂತ ಗೊತ್ತಿದ್ರೆ, ಅಷ್ಟಕ್ಕೂ ಟ್ಯಾಕ್ಸ್ ಬೀಳುತ್ತೆ.

ನಮ್ಮಲ್ಲೂ ಹಂಗೇ, ಅಲೊವೆನ್ಸಿಗೆ ಏನು ಹೆಸರಿಟ್ರು ಅನ್ನೋದಲ್ಲ, ಡ್ಯೂಟಿಗೆ ಎಷ್ಟು ಖರ್ಚಾಯ್ತು ಅನ್ನೋದು ಮುಖ್ಯ. ಪೇಷಂಟ್ ಮನೆಯಿಂದ ಪೇಷಂಟ್ ಮನೆಗೆ ಸುತ್ತಿದ ಪೆಟ್ರೋಲ್ ಲೆಕ್ಕಕ್ಕೆ ಬರುತ್ತೆ, ನಿಮ್ಮ ಮನೆಯಿಂದ ಆಫೀಸಿಗೆ ಹೋಗಿದ್ದು ಬರಲ್ಲ. ಸ್ಕೂಟಿಲಿ ತಿಂಗಳಿಗೆ 30,000 ಪೆಟ್ರೋಲ್ ಸುಡೋಕೆ ಸಾಧ್ಯ ಇಲ್ಲ, ಹಂಗಾಗಿ ಖರ್ಚಾಗದೆ ಉಳಿದಿದ್ದು ಸಂಬಳದ ಲೆಕ್ಕಕ್ಕೇ ಸೇರುತ್ತೆ.

ಇನ್ನೊಂದು ಅವ್ರು ಹೇಳದೇ ಇರೋ ವಿಷ್ಯ, ಇಲ್ಲಿ ಉಳಿಸೋಕೆ ಟ್ಯಾಕ್ಸೇ ಇಲ್ಲ! ಪೂರ್ತಿ 50,000ನ ಸಂಬಳ ಅಂತ ಕೊಟ್ರೂ ವರ್ಷಕ್ಕೆ 6 ಲಕ್ಷ, 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದ್ರೆ 5.25 ಲಕ್ಷ. 2025-26ರ ಹೊಸ ಟ್ಯಾಕ್ಸ್ ರಿಜೀಮಲ್ಲಿ 12 ಲಕ್ಷದವರೆಗೆ ರಿಬೇಟ್ (ಟ್ಯಾಕ್ಸ್ ಮಾಫಿ) ಇರೋದ್ರಿಂದ ಕಟ್ಟೋ ಇನ್‌ಕಮ್ ಟ್ಯಾಕ್ಸ್ ಸೊನ್ನೆ. ಹಂಗಾದ್ರೆ ಈ ಅಲೊವೆನ್ಸ್ ಯಾಕೆ ಅಂದ್ರೆ, ಸಂಬಳ ಕಮ್ಮಿ ತೋರಿಸಿದಷ್ಟೂ ಗ್ರಾಚ್ಯುಟಿ ಲೆಕ್ಕ ಕಮ್ಮಿ, ಲಾಭ ಅವ್ರಿಗೆ. 2025ರ ನವೆಂಬರ್ 21ರಿಂದ ಬಂದಿರೋ ಹೊಸ ಲೇಬರ್ ಕೋಡ್ ಪ್ರಕಾರ ಇಂಥ ಅಲೊವೆನ್ಸ್‌ಗಳು ಒಟ್ಟು ಮೊತ್ತದ ಅರ್ಧ ದಾಟಿದ್ರೆ ದಾಟಿದ್ದನ್ನ ವೇಜಸ್ (ಸಂಬಳ) ಅಂತಲೇ ಹಿಡೀಬೇಕು, ಅವ್ರ 30,000 ಅಲ್ಲೂ ನಿಲ್ಲಲ್ಲ. ನಾಳೆ ಹೋಮ್ ಲೋನಿಗೆ ಹೋದ್ರೆ ಬ್ಯಾಂಕಿನೋರು ಮೊದ್ಲು ನೋಡೋದೇ ಸ್ಯಾಲರಿ ಸ್ಲಿಪ್ಪು. ಜೊತೆಗೆ ದಿನಾ ರೋಡ್ ಮೇಲೆ ಇರೋ ಕೆಲಸ ನಿಮ್ದು, ದೇವರು ಹಂಗಾಗದಂಗೆ ನೋಡ್ಕೊಳ್ಲಿ, ಆಕ್ಸಿಡೆಂಟ್ ಆದ್ರೆ ಕೋರ್ಟಲ್ಲಿ ಪರಿಹಾರ ಲೆಕ್ಕ ಹಾಕೋದು ಹೆಚ್ಚಾಗಿ ದಾಖಲೆಲಿ ಇರೋ ಆದಾಯದ ಮೇಲೆ.

ಈಗ ನಿಮ್ಮ ಸದ್ಯದ ಸ್ಥಿತಿ, ಇದು ಚೆನ್ನಾಗೇ ಇದೆ. ಆಸ್ಪತ್ರೆದು 3 ಲಕ್ಷ, ಹೋಮ್ ವಿಸಿಟ್ 4.8 ಲಕ್ಷ, ಒಟ್ಟು 7.8 ಲಕ್ಷ. ಫಿಸಿಯೋಗಳು ವೈದ್ಯಕೀಯ ವೃತ್ತಿ ಅಂತ 2025-26ರ ಆದಾಯಕ್ಕೆ ಸೆಕ್ಷನ್ 44ಎಡಿಎ (ಅಂದಾಜು ಆದಾಯ ತೋರ್ಸೋ ನಿಯಮ) ಕೆಳಗೆ ಐಟಿಆರ್-4 ರಿಟರ್ನ್ ಹಾಕ್ತಾರೆ, ಅದ್ರಲ್ಲಿ ಕನಿಷ್ಠ ಅರ್ಧನ ಆದಾಯ ಅಂತ ತೋರ್ಸಬೇಕು, ಪೆಟ್ರೋಲ್, ನೋವಿಗೆ ಸಣ್ಣ ಕರೆಂಟ್ ಕೊಡೋ ಟೆನ್ಸ್ ಮಷೀನ್ ಖರ್ಚು ಬೇರೆ ಕಳೆಯೋ ಹಂಗಿಲ್ಲ. ನಿಜವಾಗ್ಲೂ ಜಾಸ್ತಿ ಉಳಿದಿದ್ರೆ ಜಾಸ್ತೀನೇ ತೋರ್ಸಿ, ಪೂರ್ತಿ 7.8 ಲಕ್ಷ ತೋರ್ಸಿದ್ರೂ ಟ್ಯಾಕ್ಸ್ ಸೊನ್ನೆನೇ, ಲೋನಿಗೂ ಅನುಕೂಲ. ಆಸ್ಪತ್ರೆಯೋರು ವರ್ಷಕ್ಕೆ ಹಿಡಿದ 30,000 ಟಿಡಿಎಸ್ ಪೂರ್ತಿ ವಾಪಸ್ ಬರುತ್ತೆ, ರಿಟರ್ನ್ ಹಾಕಿದ್ರೆ ಮಾತ್ರ. ಟಿಡಿಎಸ್ 25,000 ಮುಟ್ಟಿದ್ರೆ ರಿಟರ್ನ್ ಹಾಕೋದು ಕಡ್ಡಾಯನೂ ಹೌದು. ಮೊದ್ಲು ಟ್ಯಾಕ್ಸ್ ಪೋರ್ಟಲ್‌ನಲ್ಲಿ ನಿಮ್ಮ ಟಿಡಿಎಸ್ ತೋರ್ಸೋ 26ಎಎಸ್ ತೆಗೆದು ಆ ದುಡ್ಡು ನಿಮ್ಮ ಪ್ಯಾನ್ ಮೇಲೆ ಬಂದಿದೆಯಾ ನೋಡ್ಕೊಳ್ಳಿ, ಬಂದಿಲ್ಲ ಅಂದ್ರೆ ಆಸ್ಪತ್ರೆ ಅಕೌಂಟ್ಸ್ ಸೆಕ್ಷನ್ನಲ್ಲಿ ಕೂತು ಸರಿ ಮಾಡ್ಸಿ.

ಯಜಮಾನ್ರ ಫೋನ್‌ಪೇ ಇವತ್ತೇ ನಿಲ್ಸಿ. ದುಡಿದಿದ್ದು ನೀವು, ಅವ್ರ ಅಕೌಂಟಿಗೆ ಬಂದ್ರೆ ಅದು ಅವ್ರ ಆದಾಯದ ಥರ ಕಾಣುತ್ತೆ, ನಿಮ್ಮ ಹೆಸರಲ್ಲಿ ಏನೂ ಉಳಿಯಲ್ಲ. ನಿಮ್ದೇ ಒಂದು ಅಕೌಂಟ್ ಮಾಡಿ, ಕ್ಯೂಆರ್ ಕಾರ್ಡ್ ಬ್ಯಾಗಲ್ಲಿಟ್ಕೊಳ್ಳಿ, ಒಂದು ಡೈರಿಲಿ "ಮಂಗಳವಾರ, ನಿಟ್ಟುವಳ್ಳಿ, ಸ್ಟ್ರೋಕ್ ಪೇಷಂಟ್, 500, ಫೋನ್‌ಪೇ" ಅಂತ ಒಂದೇ ಸಾಲು ಬರೀರಿ ಸಾಕು.

ಕೊನೆಗೂ ಆ ಕಂಪನಿಗೇ ಹೋಗೋ ಮನಸ್ಸಿದ್ರೆ, ಈಗಿನ 65,000 ಬಿಟ್ಟು 50,000ಕ್ಕೆ ಹೋಗ್ತಿದೀರ, ಅದ್ರಲ್ಲೂ ಪೆಟ್ರೋಲ್ ನಿಮ್ದೇ ಅನ್ನೋದು ನೆನಪಿರ್ಲಿ. ಸಂಬಳ 45,000ಕ್ಕೆ ಏರ್ಸಿ, ಪೆಟ್ರೋಲ್ ಬಿಲ್ ನೋಡಿ ಬೇರೆ ಕೊಡಿ, ಪಿಎಫ್ ಹಾಕಿ ಅಂತ ಕೇಳಿ, ಆಫರ್ ಲೆಟರಲ್ಲಿ ಬರ್ಸಿಕೊಳ್ಳದೆ ಚಿತ್ರದುರ್ಗದ ಕೆಲಸ ಬಿಡಬೇಡಿ.