ಟ್ಯಾಂಕಿನ ಓವರ್‌ಫ್ಲೋ ಪೈಪಿಗೆ ಬಟ್ಟೆ ತುರುಕುವ ಮುಂಚೆ

ಮಳೆ ಇಲ್ಲದ ದಿನವೂ ತಾರಸಿ ಒದ್ದೆ ಅನ್ನುವ ಪತ್ರಗಳು ನಿಲ್ಲುತ್ತಲೇ ಇಲ್ಲ. ಈ ಸಲ ಒಂದಕ್ಕೆ ಉದ್ದ ಉತ್ತರ, ಉಳಿದವಕ್ಕೆ ಚುಟುಕು. ಗೇಟ್ ವಾಲ್ವ್ ಯಾವ ಕಡೆ ತಿರುಗಿಸಿದರೆ ಮುಚ್ಚುತ್ತದೆ ಅಂತೆಲ್ಲ ಇಲ್ಲಿ ಹೇಳುವುದಿಲ್ಲ. ಅಷ್ಟು ಗೊತ್ತಿಲ್ಲದವರು ಸ್ಪ್ಯಾನರ್ ಮುಟ್ಟದಿರುವುದೇ ಒಳ್ಳೆಯದು.

ಪ್ರಶ್ನೆ: ನಮ್ಮ ತಾರಸಿಯ ಸಾವಿರ ಲೀಟರ್ ಟ್ಯಾಂಕಿಗೆ ಕಾರ್ಪೊರೇಷನ್ ನೀರು ನೇರವಾಗಿ ಬರುತ್ತದೆ. ಹಗಲು ಸರಿ ಇರುತ್ತದೆ, ರಾತ್ರಿ ಓವರ್‌ಫ್ಲೋ ಪೈಪಿನಿಂದ ನೀರು ಹೋಗುತ್ತದೆ. ಬಾಲ್ ಕಾಕ್ (ನೀರು ತುಂಬಿದಾಗ ತೇಲುವ ಚೆಂಡಿನಿಂದ ತಾನೇ ಮುಚ್ಚಿಕೊಳ್ಳುವ ವಾಲ್ವ್) ಎರಡು ಸಲ ಬದಲಾಯಿಸಿದೆವು. ಸದ್ಯಕ್ಕೆ ಪೈಪಿಗೆ ಬಟ್ಟೆ ತುರುಕಿದ್ದೇವೆ. ನಾವೇ ಸರಿ ಮಾಡಿಕೊಳ್ಳಬಹುದಾ? (ಓದುಗರು, ಮೈಸೂರು)

ಮೊದಲು ಆ ಬಟ್ಟೆ ಕಿತ್ತು ಹಾಕಿ. ಓವರ್‌ಫ್ಲೋ ಪೈಪ್ ಕೆಟ್ಟಿಲ್ಲ, ಅದು ತನ್ನ ಕೆಲಸ ಮಾಡುತ್ತಿದೆ. ಅದನ್ನು ಮುಚ್ಚಿದರೆ ನೀರು ಮುಚ್ಚಳದ ಸಂದಿಯಿಂದ ಉಕ್ಕಿ ತಾರಸಿಗೆ ಬೀಳುತ್ತದೆ. ಆಮೇಲೆ ಮಲಗುವ ಕೋಣೆಯ ಸೂರು ತೊಟ್ಟಿಕ್ಕುತ್ತದೆ. ಆಗ ವಾಟರ್‌ಪ್ರೂಫಿಂಗ್‌ನವರು ಬಂದು ಸಾವಿರಗಟ್ಟಲೆ ಬಿಲ್ ಮಾಡುತ್ತಾರೆ. ಪೈಪಿನ ಬಾಯಿಗೆ ಹಾಕಬೇಕಾದದ್ದು ಸೊಳ್ಳೆ ಒಳಗೆ ಹೋಗದ ಹಾಗೆ ಒಂದು ಸಣ್ಣ ಜಾಲರಿ, ಅಷ್ಟೇ. ಡೆಂಗಿ ಸೊಳ್ಳೆಗೆ ಇಂಥ ನಿಂತ ನೀರೇ ಬೇಕು.

ಎರಡು ಸಲ ಬಾಲ್ ಕಾಕ್ ಬದಲಾಯಿಸಿದಿರಲ್ಲ, ನೀರು ಎಲ್ಲಿಂದ ಬರುತ್ತಿದೆ ಅಂತ ಯಾರಾದರೂ ನೋಡಿದರಾ? ಟ್ಯಾಂಕಿಗೆ ಬರುವ ಪೈಪಿನ ಗೇಟ್ ವಾಲ್ವ್ ಪೂರ್ತಿ ಮುಚ್ಚಿ, ಅರ್ಧ ಗಂಟೆ ಕಾಯಿರಿ. ಓವರ್‌ಫ್ಲೋ ನಿಂತರೆ ತಪ್ಪು ಬಾಲ್ ಕಾಕ್‌ನದ್ದು. ನಿಲ್ಲದಿದ್ದರೆ ನೀರು ಬೇರೆ ದಾರಿಯಿಂದ ಬರುತ್ತಿದೆ. ಆಗ ಅಂಗಡಿಯಲ್ಲಿರುವ ಬಾಲ್ ಕಾಕ್‌ಗಳನ್ನೆಲ್ಲ ತಂದು ಹಾಕಿದರೂ ಅಷ್ಟೇ.

ಬೇರೆ ದಾರಿ ಯಾವುದು? ಸೋಲಾರ್ ಇದ್ದರೆ ಹೊರಗೆ ಬರುವ ನೀರಿಗೆ ಕೈ ಹಿಡಿದು ನೋಡಿ. ಬೆಚ್ಚಗಿದ್ದರೆ ಬಾತ್‌ರೂಮಿನ ಮಿಕ್ಸರ್ ಮೇಲೆ ನನ್ನ ಅನುಮಾನ. ಬಿಸಿ, ತಣ್ಣೀರು ಎರಡೂ ತಿರುಗಿಸಿ ಬಿಟ್ಟು, ಹ್ಯಾಂಡ್ ಶವರ್‌ನ ಗುಂಡಿ ಮಾತ್ರ ಮುಚ್ಚುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ತಣ್ಣೀರಿಗೆ ನೇರ ಲೈನಿನ ಒತ್ತಡ ಇದ್ದರೆ ಅದು ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಸೋಲಾರ್ ಮೂಲಕ ಹಿಂದಕ್ಕೆ ಹತ್ತಿ ಟ್ಯಾಂಕ್ ಸೇರುತ್ತದೆ. ಮಿಕ್ಸರ್‌ನ ಎರಡೂ ಕಡೆ ಮುಚ್ಚಿ ಒಂದು ರಾತ್ರಿ ನೋಡಿ. ನಿಂತರೆ ಆ ಲೈನಿಗೆ ಒಂದು ಎನ್‌ಆರ್‌ವಿ (ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್) ಹಾಕಿಸಿ.

ಗೇಟ್ ವಾಲ್ವ್ ಮುಚ್ಚಿದಾಗ ಓವರ್‌ಫ್ಲೋ ನಿಂತಿತು ಅಂದುಕೊಳ್ಳೋಣ. ಮತ್ತೆ ವಾಲ್ವ್ ತೆರೆದು, ಚೆಂಡನ್ನು ಕೈಯಿಂದ ಮೇಲಕ್ಕೆತ್ತಿ. ಒಳಗೆ ಬರುವ ನೀರು ಪೂರ್ತಿ ನಿಂತರೆ ವಾಷರ್ ಚೆನ್ನಾಗಿದೆ, ಚೆಂಡಿನ ಮಟ್ಟ ತಪ್ಪಿದೆ. ಚೆಂಡು ಹಿಡಿದಿರುವ ಕಡ್ಡಿ ಹಿತ್ತಾಳೆಯದ್ದಾದರೆ ಒಂದು ಕೈಯಲ್ಲಿ ವಾಲ್ವ್ ಹತ್ತಿರ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಚೆಂಡಿನ ತುದಿಯನ್ನು ಸ್ವಲ್ಪ ಕೆಳಕ್ಕೆ ಬಗ್ಗಿಸಿ. ಓವರ್‌ಫ್ಲೋ ಬಾಯಿಗಿಂತ ಎರಡು ಅಂಗುಲವಾದರೂ ಕೆಳಗೇ ನೀರು ನಿಲ್ಲಬೇಕು. ಚೆಂಡು ಬಿಚ್ಚಿ ಅಲ್ಲಾಡಿಸಿ. ಒಳಗೆ ನೀರಿನ ಸದ್ದು ಬಂದರೆ ಅದು ತೂತಾಗಿದೆ. ಎಂ-ಸೀಲ್ ಮೆತ್ತಬೇಡಿ, ಹೊಸ ಚೆಂಡು ಹಾಕಿ.

ಎತ್ತಿ ಹಿಡಿದರೂ ನೀರು ಜಿನುಗಿದರೆ ವಾಷರ್ ಸವೆದಿದೆ, ಇಲ್ಲವೇ ಮರಳು ಸಿಕ್ಕಿಕೊಂಡಿದೆ. ನಿಮ್ಮ ಮನೆಯ ರಾತ್ರಿಯ ಕಾಟಕ್ಕೆ ಬಹುಶಃ ಇದೇ ಕಾರಣ. ರಾತ್ರಿ ಎಲ್ಲರ ಮನೆಯ ನಲ್ಲಿ ಮುಚ್ಚಿರುವಾಗ ಲೈನಿನ ಒತ್ತಡ ಏರುತ್ತದೆ. ಹಗಲಿನ ಒತ್ತಡ ತಡೆದ ವಾಷರ್ ರಾತ್ರಿ ಸೋಲುತ್ತದೆ. ಗೇಟ್ ವಾಲ್ವ್ ಮುಚ್ಚಿ, ಕಡ್ಡಿ ಹಿಡಿದಿರುವ ಪಿನ್ ಎಳೆದು, ಒಳಗಿನ ಪಿಸ್ಟನ್ ಹೊರಗೆ ತೆಗೆಯಿರಿ. ಅದರ ತುದಿಯಲ್ಲಿ ರಬ್ಬರ್ ವಾಷರ್ ಇರುತ್ತದೆ. ಅದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದ್ದು ತನ್ನಿ. ಬಿಳಿ ಪದರ ಕಟ್ಟಿದ್ದರೆ ವಿನೆಗರ್‌ನಲ್ಲಿ ನೆನೆಸಿ ಉಜ್ಜಿ. ವಾಷರ್ ಕೂರುವ ಹಿತ್ತಾಳೆಯ ಅಂಚೇ ಕಚ್ಚು ಬಿದ್ದಿದ್ದರೆ ಆಗ ಮಾತ್ರ ಪೂರ್ತಿ ಬಾಲ್ ಕಾಕ್ ಬದಲಿಸಿ. ಕೊಳ್ಳುವಾಗ ಐಎಸ್ 1703 ಗುರುತು ನೋಡಿ. ಬಿಚ್ಚುವಾಗ ಟ್ಯಾಂಕಿನ ಒಳಗಿನ ನಟ್ ಹಿಡಿದುಕೊಳ್ಳಿ. ಸುಮ್ನೆ ಹೊರಗಿನಿಂದ ರೆಂಚ್ ಹಾಕಿ ತಿರುಗಿಸಿದರೆ ಪ್ಲಾಸ್ಟಿಕ್ ಟ್ಯಾಂಕ್ ಸೀಳುತ್ತದೆ.

ಕತ್ತಲಲ್ಲಿ, ಮಳೆಯಲ್ಲಿ ಈ ಕೆಲಸ ಬೇಡ. ಟ್ಯಾಂಕ್ ಸ್ಟ್ಯಾಂಡ್ ಮೇಲೆ ಒಬ್ಬರೇ ಹತ್ತುವುದೂ ಬೇಡ. ನಾನು ಕೆಳಗೆ ಯಾರಾದರೂ ಏಣಿ ಹಿಡಿದು ನಿಲ್ಲುವವರೆಗೆ ಹತ್ತುವುದೇ ಇಲ್ಲ.

ಪ್ರಶ್ನೆ: ಸಣ್ಣ ಧಾರೆ ತಾನೆ, ಬಿಟ್ಟರೆ ಏನು ನಷ್ಟ?

ಒಂದು ಲೀಟರ್ ಬಾಟಲಿ ಹಿಡಿಯಿರಿ. ಒಂದು ನಿಮಿಷಕ್ಕೆ ತುಂಬಿದರೆ ದಿನಕ್ಕೆ 1,440 ಲೀಟರ್. ನಿಮ್ಮ ಟ್ಯಾಂಕಿಗಿಂತ ಜಾಸ್ತಿ ಅಲ್ವಾ?

ಪ್ರಶ್ನೆ: ಸಂಪಿನಿಂದ ಮೋಟರ್ ಹಾಕಿ ಟ್ಯಾಂಕ್ ತುಂಬಿಸುತ್ತೇವೆ. ಮೇಲೆ ಬಾಲ್ ಕಾಕ್ ಹಾಕಿಸಬಹುದಾ?

ಬೇಡ. ಚೆಂಡು ಮುಚ್ಚಿದ ಮೇಲೂ ಮೋಟರ್ ತಳ್ಳುತ್ತಲೇ ಇರುತ್ತದೆ. ಜಾಯಿಂಟ್ ಬಿಚ್ಚಿಕೊಳ್ಳುತ್ತದೆ, ಇಲ್ಲವೇ ಮೋಟರ್ ಬಿಸಿಯೇರುತ್ತದೆ. ಮೋಟರನ್ನೇ ಆಫ್ ಮಾಡುವ ಲೆವೆಲ್ ಕಂಟ್ರೋಲರ್ ಹಾಕಿಸಿ.

ಪ್ರಶ್ನೆ: ಕೆಳಗಿನಿಂದ ಜೋಡಿಸಿದ ಎರಡು ಟ್ಯಾಂಕ್‌ಗಳಲ್ಲಿ ಒಂದೇ ಉಕ್ಕುತ್ತದೆ, ಯಾಕೆ?

ಅದು ತಗ್ಗಿನಲ್ಲಿದೆ. ಎರಡರ ಓವರ್‌ಫ್ಲೋ ಬಾಯಿಯನ್ನು ಒಂದೇ ಮಟ್ಟಕ್ಕೆ ತನ್ನಿ.

ಪ್ರಶ್ನೆ: ಟ್ಯಾಂಕ್ ಈಶಾನ್ಯದಲ್ಲಿ ಇರುವುದಕ್ಕೇ ಸೋರುತ್ತಿದೆ, ನೈಋತ್ಯಕ್ಕೆ ಸರಿಸಿ ಎಂದರು.

ವಾಷರ್‌ಗೆ ದಿಕ್ಕು ಗೊತ್ತಾಗುವುದಿಲ್ಲ. ಹಾಗೆ ಹೇಳಿದವರನ್ನು ಮತ್ತೆ ಮನೆಗೆ ಕರೆಯಬೇಡಿ.

ಪ್ರಶ್ನೆ: ಸಂಪಿನೊಳಗಿನ ಬಾಲ್ ಕಾಕ್ ನಾನೇ ಇಳಿದು ಬದಲಿಸಲೇ?

ಇಳಿಯಲೇಬೇಡಿ. ಮುಚ್ಚಿದ ಸಂಪಿನಲ್ಲಿ ಉಸಿರುಗಟ್ಟಿ ಜನ ಸತ್ತಿದ್ದಾರೆ, ಅವರನ್ನು ಎತ್ತಲು ಇಳಿದವರೂ ಸತ್ತಿದ್ದಾರೆ. ಮೋಟರ್‌ನ ಎಂಸಿಬಿ (ಕರೆಂಟ್ ಬೋರ್ಡಿನ ಸುರಕ್ಷಾ ಸ್ವಿಚ್) ಆಫ್ ಮಾಡಿ, ಬಾಯಿಯ ಹತ್ತಿರ ಕೈಗೆ ಎಟುಕಿದರೆ ಮೇಲಿನಿಂದಲೇ ಬದಲಿಸಿ. ಎಟುಕದಿದ್ದರೆ ಬಾಲ್ ಕಾಕ್ ಅನ್ನು ಬಾಯಿಯ ಪಕ್ಕಕ್ಕೆ ತರುವ ಹಾಗೆ ಪೈಪ್ ಬದಲಿಸಲು ಪ್ಲಂಬರ್‌ಗೆ ಹೇಳಿ.